ಸೈನಿಕನ ಪಗಾರ ಮತ್ತು ಮನೆಯವರ ತಿಳಿಯುವ ಹಕ್ಕು

ಬೆಳಗಾವಿ ಜಿಲ್ಲೆಯ ನೇಸರಗಿ ಸೀಮೆಯಿಂದ ಮಿಲಿಟರಿಗೆ ಹೋದವನ ಪಗಾರ ಬ್ಯಾಂಕ್ ಖಾತೆಗೆ ಬೀಳುತ್ತದೆ. ದುಡಿಯುವವನು ಗಡಿಯಲ್ಲಿರುತ್ತಾನೆ, ಸಂಸಾರ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಯಾವುದೋ ಊರಲ್ಲಿರುತ್ತದೆ. ನಡುವಿನ ಸಂಬಂಧವೆಂದರೆ ಒಂದು ಎಟಿಎಂ ಕಾರ್ಡು, ಒಂದು ಫೋನು. ಮನಿಯಾರ್ಡರ್ ಕಾಲದಲ್ಲಿ ಎಷ್ಟು ಬಂತು ಎಂಬುದು ಅಂಚೆಯವನಿಗೂ ಗೊತ್ತಿರುತ್ತಿತ್ತು, ಓಣಿಗೂ ಗೊತ್ತಾಗುತ್ತಿತ್ತು. ಈಗ ಗಂಡ ಹೇಳಿದಷ್ಟೇ ಹೆಂಡತಿಗೆ ಗೊತ್ತು, ಹೆಂಡತಿ ತೋರಿಸಿದಷ್ಟೇ ಗಂಡನಿಗೆ ಗೊತ್ತು.

ಅನುಮಾನವೂ ಎರಡೂ ಕಡೆಯಿಂದ ಹುಟ್ಟುತ್ತದೆ. ಪಗಾರ ಬೇರೆ ಖಾತೆಗೆ ಹೋಗುತ್ತಿದೆ, ಸಾಲ ಎತ್ತಿದ್ದಾನೆ, ಇನ್ನೊಂದು ಸಂಸಾರ ಹೂಡಿದ್ದಾನೆ ಎಂಬುದು ಹೆಂಡತಿಯ ಅನುಮಾನ. ಕಳಿಸಿದ ಹಣ ತವರಿಗೆ ಹೋಯಿತು, ಠೇವಣಿ ಮುರಿಯಿತು, ಬಂಗಾರ ಅಡವು ಬಿತ್ತು ಎಂಬುದು ಗಂಡನದು. ಎರಡಕ್ಕೂ ಕಾನೂನಿನಲ್ಲಿ ದಾರಿ ಇದೆ. ಆದರೆ ಆ ದಾರಿ ತುಳಿಯಲು ಬೇಕಾದ ಕಾಗದ ಮಾತ್ರ ಅನುಮಾನಪಟ್ಟವರ ಕೈಗೆ ಸಿಗುವುದಿಲ್ಲ. ಈ ಕೊರತೆಯನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ ಸಾರ್ವಜನಿಕ ಚರ್ಚೆ ನಡೆದಿದೆ.

ಆ ಚರ್ಚೆ ಜೋರಾಗಿ ಎದ್ದದ್ದು ಜುಲೈ 2024ರಲ್ಲಿ. ಹಿಂದಿನ ವರ್ಷ ಸಿಯಾಚಿನ್‌ನಲ್ಲಿ ಮಡಿದ ಕ್ಯಾಪ್ಟನ್ ಅಂಶುಮಾನ್ ಸಿಂಗ್ ಅವರಿಗೆ ಮರಣೋತ್ತರ ಕೀರ್ತಿಚಕ್ರ ಸಂದ ಕೆಲವೇ ದಿನಗಳಲ್ಲಿ ಅವರ ತಂದೆತಾಯಿ, ಸೊಸೆ ಮನೆ ಬಿಟ್ಟು ಹೋದಳು, ‘ನೆಕ್ಸ್ಟ್ ಆಫ್ ಕಿನ್’ (ಹತ್ತಿರದ ಬಂಧು) ನಿಯಮ ಬದಲಾಗಬೇಕು ಎಂದರು. ದೇಶವೆಲ್ಲ ಒಬ್ಬ ವಿಧವೆಯ ವಿಚಾರಣೆಗೆ ಕುಳಿತಿತು. ಆಮೇಲೆ ಸೇನೆಯ ಮೂಲಗಳು ತಿಳಿಸಿದ ಪ್ರಕಾರ, ಗುಂಪು ವಿಮೆಯ 1 ಕೋಟಿ ರೂಪಾಯಿ ಹೆಂಡತಿಗೂ ತಂದೆತಾಯಿಗೂ ಸಮನಾಗಿ ಹಂಚಿಹೋಗಿತ್ತು. ಉತ್ತರ ಪ್ರದೇಶ ಸರ್ಕಾರದ 50 ಲಕ್ಷದಲ್ಲಿ 15 ಲಕ್ಷ ತಂದೆತಾಯಿಗೆ ಸಂದಿತ್ತು. ಪಿಂಚಣಿ ಮಾತ್ರ ನಿಯಮದಂತೆ ಹೆಂಡತಿಯದು. ಈ ಲೆಕ್ಕ ಮೊದಲೇ ಜನರ ಮುಂದೆ ಇದ್ದಿದ್ದರೆ ಗದ್ದಲದ ಅರ್ಧದಷ್ಟೂ ಏಳುತ್ತಿರಲಿಲ್ಲ. ವಿಧವೆ ಮರುಮದುವೆಯಾದಾಳೇ ಎಂಬ ಚಿಂತೆಯಲ್ಲಿ ಮುಳುಗಿದವರಿಗೆ ಲೆಕ್ಕ ಬೇಕಿತ್ತೇ ಎಂಬುದು ಬೇರೆ ಪ್ರಶ್ನೆ.

ಬದುಕಿರುವ ಸೈನಿಕನ ಹೆಂಡತಿ ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಗಂಡನ ಕಮಾಂಡಿಂಗ್ ಆಫೀಸರ್‌ಗೆ ಪತ್ರ ಬರೆಯುವುದು. ಜೀವನಾಂಶದ ಮಟ್ಟಿಗೆ ಅದು ಸರಿಯಾದ ಬಾಗಿಲೇ. 1950ರ ಸೇನಾ ಕಾಯ್ದೆಯ 90ನೇ ಕಲಮು ಅಧಿಕಾರಿಗಳಿಗೆ, 91ನೇ ಕಲಮು ಉಳಿದ ದರ್ಜೆಯವರಿಗೆ ಅನ್ವಯಿಸುತ್ತದೆ. ಹೆಂಡತಿ ಮಕ್ಕಳ ನಿರ್ವಹಣೆಗೆ ಪಗಾರದಲ್ಲೇ ಹಣ ಮುರಿದುಕೊಳ್ಳುವ ಅಧಿಕಾರ ಅಲ್ಲಿದೆ. ಸೇನೆಯ ಆದೇಶದಂತೆ ಹೆಂಡತಿಗೆ ಶೇ. 22, ಪ್ರತಿ ಮಗುವಿಗೆ ಶೇ. 5.5, ಒಟ್ಟು ಶೇ. 33 ಮೀರುವಂತಿಲ್ಲ. ಅತ್ತ ಅದೇ ಕಾಯ್ದೆಯ 28ನೇ ಕಲಮು ಸಿವಿಲ್ ಅಥವಾ ಕಂದಾಯ ನ್ಯಾಯಾಲಯದ ಆದೇಶದಿಂದ ಸೈನಿಕನ ಪಗಾರ ಜಪ್ತಿಯಾಗದಂತೆ ಕಾಪಾಡುತ್ತದೆ. ಹೀಗಾಗಿ ಪಗಾರದ ಕೀಲಿಕೈ ಬಹುಮಟ್ಟಿಗೆ ಸೇನೆಯ ಹತ್ತಿರವೇ ಉಳಿಯುತ್ತದೆ.

ಆದರೆ ಅದೇ ಪತ್ರದಲ್ಲಿ ಗಂಡ ಸುಳ್ಳು ಕಾಗದ ಕೊಟ್ಟು ಭತ್ಯೆ ಎತ್ತಿದ್ದಾನೆ ಎಂದೂ ಬರೆದರೆ ವ್ಯವಹಾರದ ದಿಕ್ಕೇ ಬದಲಾಗುತ್ತದೆ. ಅದು 52ನೇ ಕಲಮಿನ ವಂಚನೆಯ ಆರೋಪ. ಶಿಕ್ಷೆ 10 ವರ್ಷದವರೆಗೆ ಹೋಗಬಹುದು. ಕೋರ್ಟ್ ಮಾರ್ಷಲ್ ಆಗಿ ಅವನು ವಜಾ ಆದರೆ ಪಿಂಚಣಿಯೂ ಹೋಗುತ್ತದೆ, ಯಾವ ಪಗಾರದಿಂದ ಜೀವನಾಂಶ ಮುರಿಯಬೇಕಿತ್ತೋ ಆ ಪಗಾರವೂ ಹೋಗುತ್ತದೆ. ವಂಚನೆಯನ್ನು ಮುಚ್ಚಿಡಬೇಕೆಂಬುದು ಇಲ್ಲಿನ ವಾದವಲ್ಲ. ಕೆಲಸ ತೆಗೆಸಬೇಕೋ, ಹೊಟ್ಟೆಪಾಡು ಮೊದಲೋ ಎಂಬುದನ್ನು ಆಕೆ ತಿಳಿದು ತೀರ್ಮಾನಿಸಬೇಕು. ಪತ್ರ ಬರೆದುಕೊಡುವ ಊರಿನ ಹಿರಿಯರಿಗೂ ಈ ಭೇದ ಗೊತ್ತಿರುವುದಿಲ್ಲ. ಆದ್ದರಿಂದ ಆಕೆ ಮೊದಲು ಕಾಣಬೇಕಾದವರು ವಕೀಲರು.

ವಕೀಲರ ಬಳಿ ಹೋದರೆ ದಾವೆ ಹೂಡಲು ಗಂಡನಿರುವ ಊರಿಗೆ ಅಲೆಯಬೇಕಿಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನ ಜೀವನಾಂಶದ ಅರ್ಜಿಯನ್ನು ಹೆಂಡತಿ ವಾಸಿಸುವ ಕಡೆಯೇ ಸಲ್ಲಿಸಬಹುದು. ನೇಸರಗಿಯವಳಿಗೆ ಬೈಲಹೊಂಗಲ ಸಾಕು. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಆರ್ಥಿಕ ಕಿರುಕುಳವನ್ನೂ ಹಿಂಸೆಯೆಂದೇ ಎಣಿಸುತ್ತದೆ. ತವರಿನಿಂದ ತಂದ ಬಂಗಾರ ಅವಳದೇ ಎಂಬುದನ್ನು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲೇ ಹೇಳಿತು. ಅದನ್ನು ನುಂಗಿದ ಗಂಡನ ಮೇಲೆ ನಂಬಿಕೆದ್ರೋಹದ ಮೊಕದ್ದಮೆ ನಿಲ್ಲುತ್ತದೆ. ಮಿಲಿಟರಿಯವನನ್ನು ಪೊಲೀಸರು ಮುಟ್ಟುವಂತಿಲ್ಲ ಎಂಬ ಊರಮಾತೂ ಸುಳ್ಳು. ಪೊಲೀಸ್ ಬಂಧನದಿಂದ ಅವನಿಗಿರುವ ರಕ್ಷಣೆ ಕರ್ತವ್ಯ ನಿರ್ವಹಿಸುವಾಗ ಮಾಡಿದ ಕೆಲಸಕ್ಕೆ ಮಾತ್ರ. ಹೆಂಡತಿಯ ಬಂಗಾರ ಮಾರುವುದು ಯಾವ ರೆಜಿಮೆಂಟಿನ ಕರ್ತವ್ಯವೂ ಅಲ್ಲ.

ಇಷ್ಟೆಲ್ಲ ಇದ್ದೂ ಮೊಕದ್ದಮೆ ಸೊರಗುವುದು ಮಾಹಿತಿಯ ಹತ್ತಿರ. ಗಂಡನ ವಿಳಾಸ ‘ಕೇರ್ ಆಫ್ 56 ಎಪಿಒ’ ಎಂಬ ಸೇನಾ ಅಂಚೆಯದು. ಅದರಿಂದ ಅವನ ಘಟಕ ಎಲ್ಲಿದೆಯೆಂದು ತಿಳಿಯುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಪಗಾರ ಕೇಳಿದರೆ ಖಾಸಗಿ ವಿಷಯವೆಂಬ ಉತ್ತರ ಬರುತ್ತದೆ. ನೌಕರನ ಸೇವಾ ವಿವರಗಳು ವೈಯಕ್ತಿಕವೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಗಿರೀಶ್ ದೇಶಪಾಂಡೆ ಪ್ರಕರಣದಲ್ಲಿ ಹೇಳಿದ್ದು ಇದಕ್ಕೆ ಆಧಾರ. ಗಂಡನ ಪಗಾರ ಎಷ್ಟೆಂದು ತಿಳಿಯುವ ಹಕ್ಕು ಹೆಂಡತಿಗೆ ಇದೆಯೆಂದು 2018ರಲ್ಲಿ ಮಧ್ಯಪ್ರದೇಶ ಹೈಕೋರ್ಟ್ ತೀರ್ಪು ಕೊಟ್ಟರೂ ಕಚೇರಿಗಳು ಮೊದಲ ತೀರ್ಪನ್ನೇ ನೆನಪಿಟ್ಟುಕೊಂಡಿವೆ. ಹತ್ತಿರದ ಉದಾಹರಣೆ ಹುಬ್ಬಳ್ಳಿಯದು. ಜೀವನಾಂಶದ ಆದೇಶವಿದ್ದೂ ಗಂಡ ಎಲ್ಲಿದ್ದಾನೆಂದು ತಿಳಿಯದ ಮಹಿಳೆಯೊಬ್ಬರು ಆಧಾರ್‌ನಲ್ಲಿರುವ ಅವನ ವಿಳಾಸ ಕೇಳಿದರು. ನವೆಂಬರ್ 2023ರಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ, ಮದುವೆಯಿಂದ ಗಂಡನ ಖಾಸಗಿತನದ ಹಕ್ಕು ಕರಗಿಹೋಗುವುದಿಲ್ಲ, ಆಧಾರ್ ಕಾಯ್ದೆ ಹೇಳಿದ ವಿಧಾನ ಬಿಟ್ಟು ವಿವರ ಕೊಡುವಂತಿಲ್ಲ ಎಂದಿತು. ಈ ತೀರ್ಪಿನ ಬಿಸಿ ಸೈನಿಕರ ಮನೆಗೂ ತಟ್ಟುತ್ತದೆ. ಕಾಯ್ದೆಯ ಅಕ್ಷರಕ್ಕೆ ತೀರ್ಪು ಸರಿಯಿರಬಹುದು. ಆದೇಶ ಕೈಯಲ್ಲಿದ್ದೂ ಅದನ್ನು ಜಾರಿ ಮಾಡಲಾಗದೆ ನಿಂತವಳಿಗೆ ಅದರಿಂದ ಸಿಕ್ಕಿದ್ದೇನೂ ಇಲ್ಲ.

ದಾವೆ ಹೂಡಿದ ಮೇಲೆ ಪರಿಸ್ಥಿತಿ ತುಸು ಸುಧಾರಿಸುತ್ತದೆ. ನವೆಂಬರ್ 2020ರ ರಜನೇಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ದಾವೆಗಳಲ್ಲಿ ಇಬ್ಬರೂ ಆಸ್ತಿ, ಸಾಲ, ಆದಾಯದ ಪ್ರಮಾಣಪತ್ರ ಸಲ್ಲಿಸಲೇಬೇಕೆಂದಿತು. ಸಿವಿಲ್ ದಾವೆಯ ಸಮನ್ಸನ್ನು ಸೈನಿಕನ ಕಮಾಂಡಿಂಗ್ ಆಫೀಸರ್ ಮೂಲಕ ಕಳಿಸುವ ವ್ಯವಸ್ಥೆ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ಆದರೆ ಎಷ್ಟು ಪಗಾರ ಎಂಬ ಸಾಮಾನ್ಯ ಪ್ರಶ್ನೆಗೆ ಉತ್ತರ ಬೇಕಾದರೂ ಸಂಸಾರವನ್ನು ನ್ಯಾಯಾಲಯಕ್ಕೆ ಎಳೆಯಲೇಬೇಕು ಎಂಬ ಸ್ಥಿತಿಯೇ ತಪ್ಪು. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಅದರ ಜವಾನರ ಪಗಾರದ ಲೆಕ್ಕ ಇಡುವ ಕಚೇರಿಯೂ ಅದೇ ಊರಲ್ಲಿದೆ. ಆ ದಳದ ಜವಾನನ ಹೆಂಡತಿಗೆ ತನ್ನ ಮನೆಯ ಲೆಕ್ಕ ಅಲ್ಲಿಂದ ಸಿಗಬೇಕಾದರೆ ಬೈಲಹೊಂಗಲದ ನ್ಯಾಯಾಲಯವನ್ನು ಹಾಯ್ದೇ ಬರಬೇಕು. ಮದುವೆ ದಾಖಲಾದ ಹೆಂಡತಿ ಕೇಳಿದರೆ ಮೂಲ ಪಗಾರ, ಭತ್ಯೆ, ಕಡಿತ ಇವಿಷ್ಟನ್ನು ತೋರಿಸುವ ಚೀಟಿ ಕೊಡುವ ನಿಯಮ ಬರಬೇಕು. ದೇಶದ ಭದ್ರತೆಗೆ ಅಪಾಯ ಎಂಬ ಆಕ್ಷೇಪ ಹುರುಳಿಲ್ಲದ್ದು. ಘಟಕದ ಹೆಸರು, ಜಾಗ ಮುಚ್ಚಿ ಅಂಕಿಗಳನ್ನಷ್ಟೇ ಕೊಟ್ಟರೆ ಶತ್ರುವಿಗೆ ಯಾವ ಗುಟ್ಟೂ ಸಿಗುವುದಿಲ್ಲ.

ಗಂಡನ ಅನುಮಾನಕ್ಕೂ ಇದೇ ಅಳತೆ ಹಿಡಿಯಬೇಕು. ಜಂಟಿ ಖಾತೆಯನ್ನು ಇಬ್ಬರಲ್ಲಿ ಯಾರಾದರೂ ನಡೆಸಬಹುದೆಂದು ಬರೆದುಕೊಟ್ಟ ಮೇಲೆ ಹೆಂಡತಿ ಹಣ ತೆಗೆದದ್ದು ತಾನಾಗಿಯೇ ಕಳವಾಗುವುದಿಲ್ಲ. ಅವಳ ಹೆಸರಿಗೆ ಪ್ಲಾಟು ಕೊಂಡು, ಜಗಳವಾದ ಮೇಲೆ ಅದು ಬೇನಾಮಿ ಎನ್ನುವಂತೆಯೂ ಇಲ್ಲ; ಗೊತ್ತಿರುವ ಆದಾಯದಿಂದ ಹೆಂಡತಿಯ ಹೆಸರಲ್ಲಿ ಕೊಂಡದ್ದನ್ನು 2016ರಲ್ಲಿ ತಿದ್ದುಪಡಿಯಾದ ಕಾಯ್ದೆ ಬೇನಾಮಿಯಿಂದ ಹೊರಗಿಟ್ಟಿದೆ. ಸಹಿ ನಕಲು ಮಾಡಿ ಠೇವಣಿ ಮುರಿದಿದ್ದರೆ ಮಾತು ಬೇರೆ. ಅದು ಫೋರ್ಜರಿ, ನೇಸರಗಿ ಠಾಣೆಯಲ್ಲೇ ಫಿರ್ಯಾದಿ ಕೊಡಬಹುದು. ಇಂಥ ಕಡೆ ಬ್ಯಾಂಕಿನ ಫಾರ್ಮು, ಖಾತೆಯ ಉತಾರ, ಆಸ್ತಿಯ ನೋಂದಣಿ ಕಾಗದ ಕೈಯಲ್ಲಿಟ್ಟುಕೊಂಡು ಮಾತಾಡಬೇಕು. ಸೂಟಿಗೆ ಬಂದು ನಾಲ್ಕು ಜನರ ಮುಂದೆ ಕೂಗಾಡಿದರೆ ಸಾಕ್ಷ್ಯ ಹುಟ್ಟುವುದಿಲ್ಲ.

ಎಟಿಎಂ ಕಾರ್ಡಿನ ವಿಷಯದಲ್ಲಿ ಬೆಂಗಳೂರಿನ ಗ್ರಾಹಕ ವೇದಿಕೆಯ ಒಂದು ತೀರ್ಪು ಎಲ್ಲ ಸೈನಿಕರ ಮನೆಯವರಿಗೂ ತಿಳಿದಿರಬೇಕು. 2013ರಲ್ಲಿ ಬಾಣಂತಿ ಮಹಿಳೆಯೊಬ್ಬರು ಕಾರ್ಡು, ಪಿನ್ ಕೊಟ್ಟು 25,000 ರೂಪಾಯಿ ತರಲು ಗಂಡನನ್ನು ಕಳಿಸಿದರು. ಯಂತ್ರ ಹಣ ಕೊಡಲಿಲ್ಲ, ಖಾತೆಯಲ್ಲಿ ಮಾತ್ರ ಕಡಿತವಾಯಿತು. ಪಿನ್ ಬೇರೆಯವರಿಗೆ ಕೊಟ್ಟದ್ದೇ ತಪ್ಪೆಂದು ಸ್ಟೇಟ್ ಬ್ಯಾಂಕ್ ಹೇಳಿತು, 2018ರಲ್ಲಿ ವೇದಿಕೆಯೂ ಅದನ್ನೇ ಒಪ್ಪಿತು. ಗಂಡನೂ ಬ್ಯಾಂಕಿನ ಪಾಲಿಗೆ ಹೊರಗಿನವನೇ ಎಂಬ ಈ ನಿಯಮ ಸೈನಿಕರ ಸಂಸಾರದ ರೀತಿಗೆ ಪೂರ್ತಿ ವಿರುದ್ಧ. ಒಬ್ಬರ ಹೆಸರಿನ ಖಾತೆಯ ಕಾರ್ಡು ಇನ್ನೊಬ್ಬರ ಕೈಯಲ್ಲಿರುವ ಬದಲು, ಜಂಟಿ ಖಾತೆ ತೆರೆದು ಇಬ್ಬರಿಗೂ ಬೇರೆ ಬೇರೆ ಕಾರ್ಡು ಪಡೆಯುವುದೇ ಕ್ಷೇಮ. ಯಾರು ಎಷ್ಟು ತೆಗೆದರೆಂಬ ದಾಖಲೆಯೂ ಆಗ ಉಳಿಯುತ್ತದೆ.

ಸೈನಿಕ ಊರಲ್ಲಿಲ್ಲದಾಗ ಏಕಪಕ್ಷೀಯ ಆದೇಶವಾಗದಂತೆ 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ರಕ್ಷಣೆ ಕೊಡುತ್ತದೆ: ಯುದ್ಧ ಅಥವಾ ವಿಶೇಷ ಪರಿಸ್ಥಿತಿಯಲ್ಲಿ ಸೇವೆಯಲ್ಲಿರುವವನ ವಿರುದ್ಧದ ವಿಚಾರಣೆಯನ್ನು ನ್ಯಾಯಾಲಯ ಮುಂದೂಡಬೇಕು. ದಾವೆಗೆಂದು ರಜೆ ಪಡೆದು ಬಂದರೆ ಆ ರಜೆಯೊಳಗೆ ವಿಚಾರಣೆ ಮುಗಿಸಲು ಆದಷ್ಟು ಯತ್ನಿಸಬೇಕೆಂದು ಸೇನಾ ಕಾಯ್ದೆಯೂ ಹೇಳುತ್ತದೆ. ಮೊದಲನೆಯದನ್ನು ಹೆಂಡತಿಯ ದಾವೆ ಎಳೆಯಲು ಬಳಸುವವರಿದ್ದಾರೆ, ಎರಡನೆಯದು ಇದೆಯೆಂದೇ ಬಹಳ ಜನಕ್ಕೆ ಗೊತ್ತಿಲ್ಲ.

ಇದನ್ನೆಲ್ಲ ಹೇಳಿಕೊಡುವವರು ಯಾರು? 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮಿನಡಿ ಮಹಿಳೆಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಸೈನಿಕನೆಂಬ ಕಾರಣಕ್ಕೆ ಗಂಡನಿಗೆ ಆ ಕಲಮಿನಲ್ಲಿ ಹಕ್ಕಿಲ್ಲ. ಆ ಕೊರತೆ ತುಂಬಲೆಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಜುಲೈ 26, 2025ರಂದು ಶ್ರೀನಗರದಲ್ಲಿ ‘ವೀರ ಪರಿವಾರ ಸಹಾಯತಾ ಯೋಜನೆ’ ಆರಂಭಿಸಿತು. ಸೈನಿಕ ಮಂಡಳಿಗಳ ಕಚೇರಿಯಲ್ಲೇ ಕಾನೂನು ಸಲಹಾ ಕೇಂದ್ರ ತೆರೆಯುವುದು ಅದರ ತಿರುಳು. ಉದ್ದೇಶ ಒಳ್ಳೆಯದು, ಆದರೆ ಸೈನಿಕ ಮಂಡಳಿಯ ಕಚೇರಿ ಇರುವುದು ಜಿಲ್ಲಾ ಕೇಂದ್ರದಲ್ಲಿ. ಅದಕ್ಕಿಂತ ದೊಡ್ಡ ತೊಡಕು, ಒಂದೇ ಕಚೇರಿ ಒಂದೇ ಜಗಳದಲ್ಲಿ ಗಂಡನಿಗೂ ಹೆಂಡತಿಗೂ ಸಲಹೆ ಕೊಡುವುದು ಹೇಗೆ ಎಂಬುದು. ಮಾಜಿ ಸೈನಿಕರೇ ನಡೆಸುವ ಕಚೇರಿಗೆ ಸೈನಿಕನ ಮೇಲಿನ ದೂರು ಹಿಡಿದು ಹೋಗಲು ಹೆಂಡತಿ ಹಿಂಜರಿದರೆ ಅವಳದು ತಪ್ಪಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗದ ತಾಲ್ಲೂಕು ಕಾನೂನು ಸೇವಾ ಸಮಿತಿಗಳು ತಿಂಗಳಿಗೊಂದು ದಿನ ಸೈನಿಕರ ಮನೆಯವರಿಗೆಂದೇ ಗೊತ್ತುಮಾಡಿ, ಸೇನಾ ಕಾಯ್ದೆ ಬಲ್ಲ ಇಬ್ಬರು ವಕೀಲರನ್ನು ಕೂರಿಸಬೇಕು: ಒಬ್ಬರು ಹೆಂಡತಿಯ ಕಡೆಗೆ, ಒಬ್ಬರು ಗಂಡನ ಕಡೆಗೆ. ಗಂಡ ಫೋನಿನಲ್ಲೇ ಸಲಹೆ ಪಡೆಯುವ ಅನುಕೂಲವೂ ಆ ದಿನ ಇರಬೇಕು. ಅವನ ಸೂಟಿಗೆ ಕಾಯುತ್ತ ಕೂತರೆ ಅಷ್ಟರಲ್ಲಿ ಠೇವಣಿಯೂ ಇರುವುದಿಲ್ಲ, ಬಂಗಾರವೂ ಇರುವುದಿಲ್ಲ.