ತೀರ್ಪುಗಾರನಿಗೂ ಒಂದು ಕುರ್ಚಿ

ಜುಲೈ ತಿಂಗಳ ಒಂದು ಶನಿವಾರ, ಸಂಜೆ ಐದು ಗಂಟೆ. ಭೂಗೋಳದ ದಕ್ಷಿಣಾರ್ಧದಲ್ಲಿ ಅದು ಕೊರೆಯುವ ಚಳಿಗಾಲ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಉಪನಗರವೊಂದರಲ್ಲಿ ಫುಟ್‌ಬಾಲ್ ಪಂದ್ಯ ಮುಗಿದು ಅರ್ಧ ಗಂಟೆಯಾಗಿದೆ. ಮೈದಾನದ ಬದಿಯ ಕ್ಲಬ್ ಕಟ್ಟಡದಲ್ಲಿ ದೀಪಗಳು ಉರಿಯುತ್ತಿವೆ. ಸಾಸೇಜ್ ಬೇಯುವ ವಾಸನೆ ಹೊರಗೂ ಹರಡಿದೆ. ಎರಡು ಗಂಟೆಗೂ ಮಿಕ್ಕಿ ಒಬ್ಬರನ್ನೊಬ್ಬರು ನೆಲಕ್ಕೆ ಕೆಡವುತ್ತಿದ್ದ ಯುವಕರು ಈಗ ಒಂದೇ ಸೂರಿನಡಿ ನಿಂತು ನಗುತ್ತಿದ್ದಾರೆ. ಹೊರಗೆ, ವಾಹನ ನಿಲ್ಲಿಸುವ ಜಾಗದ ಮಬ್ಬುಗತ್ತಲಲ್ಲಿ, ಒಬ್ಬ ವ್ಯಕ್ತಿ ತನ್ನ ಕಾರಿನ ಹಿಂಬದಿಯಲ್ಲಿ ಕುಳಿತು ಕೆಸರು ಮೆತ್ತಿದ ಬೂಟುಗಳನ್ನು ಬಿಚ್ಚುತ್ತಿದ್ದಾನೆ. ಆಟಗಾರರಷ್ಟೇ ಅವನೂ ಓಡಿದ್ದಾನೆ. ಅವನು ಅಂಪೈರ್. ಒಳಗೆ ಅವನಿಗೆ ಜಾಗವಿಲ್ಲ.

ಆ ನಗರದ ಒಂದು ಧರ್ಮಕೇಂದ್ರದಲ್ಲಿ ಕೆಲವು ವರ್ಷ ಸೇವೆ ಸಲ್ಲಿಸುವ ಅವಕಾಶ ನನಗೆ ಒದಗಿತ್ತು. ಅಲ್ಲಿ ಇಂಥ ಶನಿವಾರಗಳನ್ನು ಹಲವು ಸಲ ಕಂಡಿದ್ದೇನೆ. ಪಂದ್ಯ ಮುಗಿದ ಮೇಲೆ ಅಂಪೈರ್‌ಗಳು ಆಟಗಾರರೊಂದಿಗೆ ಕುಳಿತು ಕುಡಿಯುವುದು, ತಿನ್ನುವುದು, ಹರಟುವುದು ಸರಿಯೇ ಎಂಬ ಪ್ರಶ್ನೆ ಎದ್ದಾಗಲೆಲ್ಲ ಗಂಭೀರ ಮುಖದ ಸಜ್ಜನರು ತಲೆಯಾಡಿಸಿ, "ನಿಷ್ಪಕ್ಷಪಾತಕ್ಕೆ ಧಕ್ಕೆ ಬರುತ್ತದೆ, ಸ್ವಾಮಿ" ಎನ್ನುತ್ತಿದ್ದರು. ಅವರ ಮಾತನ್ನು ನಾನು ಒಪ್ಪಲಾರೆ. ಅಂಪೈರ್ ಒಳಗೆ ಬರಬೇಕು. ಬಂದರೆ ಬರಲಿ ಎಂಬ ಉದಾಸೀನದ ಔದಾರ್ಯವೂ ಇಲ್ಲಿ ಸಾಲದು. ಅವನನ್ನು ಕರೆಯುವುದು ಕ್ಲಬ್ಬಿನ ಕರ್ತವ್ಯ ಎಂಬುದೇ ನನ್ನ ವಾದ.

ನಮ್ಮ ಓದುಗರಲ್ಲಿ ಹೆಚ್ಚಿನವರು ಆ ಆಟವನ್ನು ನೋಡಿರಲಾರರು. ಅದು ನಾವು ಬಲ್ಲ ಕಾಲ್ಚೆಂಡಿನಾಟವಲ್ಲ. ಚೆಂಡು ಮೊಟ್ಟೆಯಾಕಾರದ್ದು, ಮೈದಾನವೂ ಅಂಡಾಕಾರದ್ದು. ಒಂದೊಂದು ಪಕ್ಷಕ್ಕೆ ಹದಿನೆಂಟು ಆಟಗಾರರು. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಣ ಕಂಬಗಳ ಮಧ್ಯೆ ಒದ್ದರೆ ಆರು ಅಂಕ, ಪಕ್ಕದ ಕಂಬದ ಒಳಗೆ ಹೋದರೆ ಒಂದೇ ಅಂಕ. ಗೋಲ್ ಅಂಪೈರ್ ಆರಕ್ಕೆ ಎರಡು ಬಾವುಟಗಳನ್ನೂ ಒಂದಕ್ಕೆ ಒಂದು ಬಾವುಟವನ್ನೂ ಬೀಸುತ್ತಾನೆ. ಗಡಿರೇಖೆ ಕಾಯುವವರು ಬೇರೆ, ಮೈದಾನದ ನಡುವೆ ಓಡುತ್ತ ತೀರ್ಪು ಕೊಡುವವರು ಬೇರೆ. 1859ರಲ್ಲಿ ಮೆಲ್ಬರ್ನ್‌ನಲ್ಲಿ ಈ ಆಟದ ಮೊದಲ ನಿಯಮಗಳನ್ನು ಬರೆದಿಟ್ಟರು. ಆರಂಭದ ವರ್ಷಗಳಲ್ಲಿ ಎರಡು ಪಕ್ಷಗಳ ನಾಯಕರೇ ನ್ಯಾಯ ಹೇಳಿಕೊಳ್ಳುತ್ತಿದ್ದರು ಎಂಬುದನ್ನು ದಯವಿಟ್ಟು ನೆನಪಿಡಿ. ತೀರ್ಪುಗಾರನೆಂಬವನು ಆಕಾಶದಿಂದ ಇಳಿದು ಬಂದವನಲ್ಲ. ಆಡುವವರು ತಮ್ಮೊಳಗೆ ಜಗಳ ತೀರದಾದಾಗ ತಾವೇ ಕರೆದು ನಿಲ್ಲಿಸಿಕೊಂಡವನು. ಕರೆದವರೇ ಇಂದು ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದಾರೆ.

ಹಣಕ್ಕಾಗಿ ಆಡದವರ ದೊಡ್ಡ ಸಂಘಟನೆಯೊಂದು ಅಲ್ಲಿದೆ. ವಿಕ್ಟೋರಿಯನ್ ಅಮೆಚೂರ್ ಫುಟ್‌ಬಾಲ್ ಅಸೋಸಿಯೇಷನ್ ಎಂಬ ಅದರ ಇತಿಹಾಸ 1892ರಿಂದ ಆರಂಭವಾಗುತ್ತದೆ. ಅದರಲ್ಲಿ ಹಳೆ ವಿದ್ಯಾರ್ಥಿಗಳ ತಂಡಗಳು ಬಹಳ. ಓಲ್ಡ್ ಝೇವಿಯರಿಯನ್ಸ್, ಸೇಂಟ್ ಕೆವಿನ್ಸ್ ಓಲ್ಡ್ ಬಾಯ್ಸ್ ಮುಂತಾದ ನಮ್ಮ ಕಥೋಲಿಕ ಶಾಲೆಗಳವೂ ಉಂಟು. ಆಟಗಾರರಿಗೆ ಸಂಬಳವಿಲ್ಲ. ಅಂಪೈರ್‌ಗೆ ಮಾತ್ರ ಪಂದ್ಯಕ್ಕಿಷ್ಟು ಎಂದು ಸಣ್ಣ ಸಂಭಾವನೆ ಸಿಗುತ್ತದೆ. ಬೇಲಿಯ ಆಚೆ ನಿಂತು ಅವನನ್ನು ಬಯ್ಯುವವರಿಗೆ ಇದೂ ಒಂದು ನೆಪ: ದುಡ್ಡು ತೆಗೆದುಕೊಂಡಿದ್ದಾನಲ್ಲ, ಕೇಳಿಸಿಕೊಳ್ಳಲಿ!

ಎದುರುಪಕ್ಷದ ವಾದವನ್ನು ಅದರ ಪೂರ್ಣ ಬಲದೊಂದಿಗೆ ಮುಂದಿಡುವುದು ನ್ಯಾಯ. ಅವರ ಕೈಯಲ್ಲಿರುವ ದೊಡ್ಡ ಆಯುಧ ಮತಪತ್ರ. ಆ ಆಟದಲ್ಲಿ ವರ್ಷದ ಶ್ರೇಷ್ಠ ಆಟಗಾರನನ್ನು ಆರಿಸುವವರು ಪತ್ರಕರ್ತರಲ್ಲ, ತರಬೇತುದಾರರಲ್ಲ, ಅಂಪೈರ್‌ಗಳು. ಮೇಲಿನ ಹಂತದಲ್ಲಿ 1924ರಿಂದ ನೀಡಲಾಗುತ್ತಿರುವ ಬ್ರೌನ್ಲೊ ಪದಕದ ಕ್ರಮ ಅದು: ಪ್ರತಿ ಪಂದ್ಯದ ನಂತರ ಮೈದಾನದ ಅಂಪೈರ್‌ಗಳು ಮೂವರು ಆಟಗಾರರಿಗೆ ಮೂರು, ಎರಡು, ಒಂದು ಎಂದು ಮತ ಹಾಕುತ್ತಾರೆ. ಸ್ಥಳೀಯ ಲೀಗ್‌ಗಳು ಬಹುಮಟ್ಟಿಗೆ ಇದನ್ನೇ ಅನುಸರಿಸಿವೆ. ಆ ಪದಕ ಉತ್ತಮ ಆಟಕ್ಕೆ ಮಾತ್ರವಲ್ಲ, ನ್ಯಾಯವಾದ ಆಟಕ್ಕೂ ಸಲ್ಲುವುದರಿಂದ, ಆ ವರ್ಷ ಅಮಾನತಾದವನು ಎಷ್ಟೇ ಮತ ಪಡೆದಿದ್ದರೂ ಅದಕ್ಕೆ ಅರ್ಹನಲ್ಲ. ಹೀಗಿರುವಾಗ ಅಂಪೈರ್ ಒಬ್ಬ ಆಟಗಾರನ ಭುಜಕ್ಕೆ ಭುಜ ತಾಗಿಸಿ ಕುಡಿಯುತ್ತ ನಿಂತರೆ, ಮುಂದಿನ ವಾರದ ಮತ ಶುದ್ಧವಾಗಿ ಉಳಿಯುವುದೇ?

ಪ್ರಶ್ನೆ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ಕ್ರಮದಲ್ಲಿದೆ. ಬಟ್ಟೆ ಬದಲಿಸುವ ಕೋಣೆಯಲ್ಲೇ ಮತ ಬರೆದು, ಲಕೋಟೆಗೆ ಹಾಕಿ ಅಂಟಿಸಿ, ಆ ಮೇಲೆ ಹೊರಗೆ ಬರಲಿ. ಮುಂದಿನ ವಾರದ ಮತದ ಭಯವೇ? ಇಡೀ ಋತುವಿನಲ್ಲಿ ಒಬ್ಬ ಅಂಪೈರ್ ಒಂದೇ ತಂಡದ ಎಷ್ಟು ಪಂದ್ಯಗಳನ್ನು ನಡೆಸುತ್ತಾನೆ? ಒಂದು ಲೋಟ ಪಾನೀಯಕ್ಕೆ ತನ್ನ ಕಣ್ಣನ್ನು ಮಾರಿಕೊಳ್ಳುವವನು, ಅದಿಲ್ಲದಿದ್ದರೆ ಬೇರೆ ಯಾವುದಕ್ಕಾದರೂ ಮಾರಿಕೊಂಡಾನು. ಅಂಥವನನ್ನು ಕ್ಲಬ್ಬಿನ ಬಾಗಿಲು ಮುಚ್ಚಿ ಪ್ರಾಮಾಣಿಕನನ್ನಾಗಿ ಮಾಡಬಹುದೆಂದು ನಂಬುವುದು ಮುಗ್ಧತೆ.

ಇನ್ನು ಕೆಲವು ವಿಷಯಗಳಲ್ಲಿ ಅವರೊಂದಿಗೆ ನನ್ನ ತಕರಾರಿಲ್ಲ. ಪಂದ್ಯಕ್ಕೆ ಮುನ್ನ ಯಾವ ಆತಿಥ್ಯವೂ ಕೂಡದು. ಒಂದೇ ಪಕ್ಷದ ಕೋಣೆಗೆ ಹೋಗಿ ಇನ್ನೊಂದನ್ನು ಮರೆಯುವುದೂ ಕೂಡದು. ಅಂದು ಯಾರ ಮೇಲಾದರೂ ಅಂಪೈರ್ ದೂರು ಬರೆದಿದ್ದರೆ, ಆ ವಾರ ಶಿಸ್ತು ಮಂಡಳಿಯ ಮುಂದೆ ಅವನು ಸಾಕ್ಷಿ ನುಡಿಯಬೇಕಾದೀತು. ಆ ಸಂಜೆ ಅವನು ನೇರವಾಗಿ ಮನೆಗೆ ಹೋಗುವುದು ಲೇಸು. ಕುಡಿತದ ಕೋಣೆಯೇ ಏಕೆ ಆಗಬೇಕೆಂಬುದೂ ಯೋಗ್ಯವಾದ ಪ್ರಶ್ನೆ. ಈಗ ಹದಿನಾರು ಹದಿನೇಳರ ಹುಡುಗರೂ ಹುಡುಗಿಯರೂ ಶಿಳ್ಳೆ ಹಿಡಿಯುತ್ತಿದ್ದಾರೆ. 2017ರಲ್ಲಿ ಎಲೆನಿ ಗ್ಲೌಫ್ಟ್ಸಿಸ್ ಎಂಬಾಕೆ ದೇಶದ ಅತ್ಯುನ್ನತ ಹಂತದ ಲೀಗ್‌ನಲ್ಲಿ ಮೈದಾನದ ನಡುವೆ ತೀರ್ಪು ನೀಡಿದ ಮೊದಲ ಮಹಿಳೆಯಾದರು. ಆದರೆ ಮಹಿಳಾ ಅಂಪೈರ್‌ಗಳು ಅನುಭವಿಸಿದ ಕಿರುಕುಳವನ್ನು ಸಿಡ್ನಿ ವಿಶ್ವವಿದ್ಯಾಲಯದ ಅಧ್ಯಯನವೊಂದು ದಾಖಲಿಸಿದ್ದು 2022ರಲ್ಲಿ ಬೆಳಕಿಗೆ ಬಂತು. ಕುಡಿದ ಗಂಡಸರು ತುಂಬಿದ ಕೋಣೆಗೆ ಅವರನ್ನು ಕರೆದು ಅದನ್ನು ಆತಿಥ್ಯವೆನ್ನುವುದು ಸಲ್ಲದು. ನಾನು ಕೇಳುತ್ತಿರುವುದು ಚಹಾ, ಬ್ರೆಡ್ಡು, ಮೇಜಿನ ಬಳಿ ಒಂದು ಕುರ್ಚಿ, ಇಷ್ಟೇ.

ಜಕ್ಕಾಯನ ಮನೆಯಲ್ಲಿ ಯೇಸುಸ್ವಾಮಿ ಉಂಡರಲ್ಲವೇ ಎಂದು ಇಲ್ಲಿ ವಾದ ಹೂಡಬಹುದಿತ್ತು. ಗುರುಗಳಾದ ನಮಗೆ ಅದು ಸುಲಭದ ದಾರಿ. ನಾನು ಹಾಗೆ ಮಾಡಲಾರೆ. ಜಕ್ಕಾಯನಿಗೆ ಅಂಕ ಹಾಕುವ ಕೆಲಸವೇನೂ ಯೇಸುಸ್ವಾಮಿಗೆ ಇರಲಿಲ್ಲ. ನನ್ನ ಕಾರಣ ಬೇರೆ.

ಮೈದಾನದಲ್ಲಿ ಅಂಪೈರ್ ವಿವರಣೆ ಕೊಡುತ್ತ ನಿಲ್ಲುವಂತಿಲ್ಲ. ಕೊಟ್ಟರೆ ಆಟ ನಿಲ್ಲುತ್ತದೆ. ಊದಿದ ಶಿಳ್ಳೆಯನ್ನು ಹಿಂತೆಗೆದುಕೊಳ್ಳುವಂತೆಯೂ ಇಲ್ಲ. ಕಣ್ಣಿಗೆ ಕಂಡದ್ದನ್ನು ಕ್ಷಣಾರ್ಧದಲ್ಲಿ ಹೇಳಿ ಮುಂದಕ್ಕೆ ಓಡಬೇಕು. ಹೀಗೆ ವಿವರಿಸಲಾಗದ ನಿರ್ಧಾರಗಳು ಒಂದು ಮಧ್ಯಾಹ್ನಕ್ಕೆ ಎಷ್ಟೋ! ಅವುಗಳಲ್ಲಿ ಕೆಲವು ತಪ್ಪಾಗಿರುತ್ತವೆ ಎಂಬುದು ಅಂಪೈರ್‌ಗೂ ಗೊತ್ತು, ಆಟಗಾರನಿಗೂ ಗೊತ್ತು. "ನಾನು ತಪ್ಪಿದೆ" ಎಂದು ಆತ ಹೇಳಬಹುದಾದ ಸ್ಥಳ ಯಾವುದು? "ನೀನು ಎಲ್ಲಿ ನಿಂತಿದ್ದೆ, ನಿನಗೆ ಏನು ಕಂಡಿತು?" ಎಂದು ಸೋತ ಆಟಗಾರ ಕೂಗದೆ ಕೇಳಬಹುದಾದ ಸ್ಥಳ ಯಾವುದು? ಮೈದಾನ ಅಂಥ ಸ್ಥಳವಲ್ಲ. ಅದು ಪಂದ್ಯದ ನಂತರದ ಆ ಕೋಣೆ ಮಾತ್ರ. ಅದರ ಬಾಗಿಲನ್ನು ಮುಚ್ಚಿದಿರೋ, ತಪ್ಪಾದ ತೀರ್ಪು ತೀರ್ಪುಗಾರನ ದುರುದ್ದೇಶವಾಗಿ ಆಟಗಾರನ ಮನಸ್ಸಿನಲ್ಲಿ ಬಲಿಯುತ್ತದೆ. ಮುಂದಿನ ಶನಿವಾರ ಅದು ಬಾಯಿಂದ ಹೊರಬರುತ್ತದೆ.

ಹೊರಬರುವುದು ಎಂಥ ಮಾತು ಎಂದು ನೀವು ಕೇಳಬಹುದು. ಅಂಪೈರ್‌ಗಳು ಬಹುಕಾಲ ಬಿಳಿಯ ಉಡುಪು ಧರಿಸುತ್ತಿದ್ದರು. ಅವರನ್ನು ಬಿಳಿ ಹುಳುಗಳೆಂದು, ಕೊಳೆತ ಮಾಂಸದಲ್ಲಿ ಮಿಡುಕುವ ಹುಳುಗಳೆಂದು, ಕೂಗುವುದು ಅಲ್ಲಿನ ವಾಡಿಕೆ. ಉಡುಪಿನ ಬಣ್ಣ ಬದಲಾಯಿತು, ಬೈಗುಳ ಉಳಿಯಿತು. ಸ್ಥಳೀಯ ಲೀಗ್‌ಗಳಲ್ಲಿ ಅಂಪೈರ್‌ಗಳ ಕೊರತೆ ಎಷ್ಟು ತೀವ್ರವಾಯಿತೆಂದರೆ, 2022ರಲ್ಲಿ ಅಲ್ಲಿನ ಉನ್ನತ ಲೀಗ್, ತೀರ್ಪಿಗೆ ಕೈಚಾಚಿ ಪ್ರತಿಭಟಿಸಿದ ಆಟಗಾರನ ತಂಡಕ್ಕೂ ಐವತ್ತು ಮೀಟರುಗಳ ದಂಡ ವಿಧಿಸತೊಡಗಿತು. ದೊಡ್ಡವರನ್ನು ನೋಡಿ ಊರಿನ ಮೈದಾನಗಳಲ್ಲಿ ಅಂಪೈರ್‌ಗಳನ್ನು ಅವಮಾನಿಸುತ್ತಾರೆ, ಅದರಿಂದ ಹೊಸಬರು ಬರುತ್ತಿಲ್ಲ ಎಂಬುದು ಆ ಕಠಿಣ ಕ್ರಮಕ್ಕೆ ಕೊಟ್ಟ ಕಾರಣಗಳಲ್ಲೊಂದು. ದಂಡ ವಿಧಿಸಲಿ, ನನ್ನ ಅಡ್ಡಿಯಿಲ್ಲ. ಆದರೆ ಪರಿಚಯವಿಲ್ಲದವನನ್ನು ಹುಳು ಎನ್ನುವುದು ಸುಲಭ. ಮಗಳ ಶಾಲೆಯ ವಿಷಯ ಹೇಳುತ್ತ ನಿಮ್ಮ ಪಕ್ಕದಲ್ಲಿ ಕುಳಿತು ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಂಡವನನ್ನು ಹಾಗೆನ್ನಲು ನಾಲಿಗೆ ತುಸುವಾದರೂ ತಡವರಿಸುತ್ತದೆ.

ನನ್ನ ಧರ್ಮಕೇಂದ್ರದ ಕನ್ನಡ ಕುಟುಂಬವೊಂದರ ಮಗ, ಹದಿನೇಳರ ಹುಡುಗ, ಸ್ಥಳೀಯ ಲೀಗೊಂದರಲ್ಲಿ ಅಂಪೈರ್ ಆಗಿದ್ದ. ಒಂದು ಸಂಜೆ ಬಲಿಪೂಜೆಯ ನಂತರ ಮಂಕಾಗಿ ನಿಂತಿದ್ದವನನ್ನು ವಿಚಾರಿಸಿದೆ. ಅಂದಿನ ಪಂದ್ಯದಲ್ಲಿ ಬೇಲಿಯ ಹೊರಗಿದ್ದ ತಂದೆಯೊಬ್ಬರು ನಾಲ್ಕೂ ಅವಧಿ ಬಯ್ದಿದ್ದರು. ಮೈದಾನಕ್ಕೂ ಕೋಣೆಗೂ ನಡುವೆ ರಕ್ಷಣೆಗೆಂದು ಕ್ಲಬ್ಬಿನವರು ಒಬ್ಬರನ್ನು ಜೊತೆಗೆ ಕಳುಹಿಸುವ ಪದ್ಧತಿ ಅಲ್ಲಿದೆ. ಆ ಬೆಂಗಾವಲಿನವರು ಇವನನ್ನು ಕೋಣೆಯ ತನಕ ಬಿಟ್ಟು, ಕ್ಲಬ್ಬಿನೊಳಗೆ ಬರುವುದು ಬೇಡ, ನಿಷ್ಪಕ್ಷಪಾತದ ಪ್ರಶ್ನೆ, ಎಂದರಂತೆ. "ಫಾದರ್, ಅವರಿಗೆ ನನ್ನ ಹೆಸರೂ ಗೊತ್ತಿಲ್ಲ" ಎಂದ ಹುಡುಗ. ಬಯ್ಯುವಾಗ ನೆನಪಾಗದ ನಿಷ್ಪಕ್ಷಪಾತ ಚಹಾ ಕೊಡುವ ಹೊತ್ತಿಗೆ ನೆನಪಾಯಿತೇ ಎಂಬುದು ಆ ಸಜ್ಜನರಿಗೆ ನನ್ನ ನೇರ ಪ್ರಶ್ನೆ.

ಅದೇ ಲೀಗ್‌ನಲ್ಲಿ ಹಿರಿಯ ಅಂಪೈರ್ ಒಬ್ಬರಿದ್ದರು, ಶಾಲಾ ಶಿಕ್ಷಕರು. ಯಾರ ಅಪ್ಪಣೆಗೂ ಕಾಯದೆ ಪಂದ್ಯದ ನಂತರ ಎರಡೂ ತಂಡಗಳ ಬಳಿಗೆ ಹೋಗುವುದು ಅವರ ರೂಢಿ. ಸೋತವರ ಬಳಿಗೆ ಮೊದಲು. ಋತುವಿನ ಕೊನೆಯಲ್ಲಿ ಈ ಹುಡುಗನನ್ನೂ ಒಮ್ಮೆ ಎಳೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಸೋತ ತಂಡದ ನಾಯಕ ಹುಡುಗನನ್ನು ಕಂಡವನೇ ಕೊನೆಯ ಅವಧಿಯ ಒಂದು ತೀರ್ಪಿನ ವಿಷಯ ತೆಗೆದ. ದನಿಯಲ್ಲಿ ಸಿಟ್ಟಿತ್ತು. ಹುಡುಗ ತಡೆದು ತಡೆದು, ತನಗೂ ಚೆಂಡಿಗೂ ನಡುವೆ ಇಬ್ಬರು ಅಡ್ಡ ಬಂದರೆಂದೂ, ಕೈ ತಾಗಿದ್ದು ತನಗೆ ಕಾಣಲಿಲ್ಲವೆಂದೂ, ಕಾಣದ್ದನ್ನು ಊದಲಿಲ್ಲವೆಂದೂ ಹೇಳಿದ. ನಾಯಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಾನಾದರೂ ಊದುತ್ತಿರಲಿಲ್ಲ" ಎಂದ. ಆಮೇಲೆ ಯಾವ ಶಾಲೆ, ಯಾವ ಊರು ಎಂಬ ಮಾತುಗಳು. ಆದರೂ ಮರುವರ್ಷ ಹುಡುಗ ಶಿಳ್ಳೆ ಹಿಡಿಯಲಿಲ್ಲ. ಅಂಥ ಸಂಜೆ ಇಡೀ ಋತುವಿನಲ್ಲಿ ಅವನಿಗೆ ಅದೊಂದೇ ಸಿಕ್ಕಿತ್ತು.

ಗುರುಮಠದ ದಿನಗಳಲ್ಲಿ ನಮ್ಮ ಪಂದ್ಯಗಳಿಗೆ ಮುಖ್ಯಸ್ಥರೇ ರೆಫರಿ. ಮಧ್ಯಾಹ್ನ ನಾಲ್ಕಕ್ಕೆ ನನ್ನನ್ನು ಮೈದಾನದಿಂದ ಹೊರಗಟ್ಟಿದವರು ಏಳೂವರೆಗೆ ಭೋಜನಶಾಲೆಯಲ್ಲಿ ನನ್ನ ಎದುರಿನ ಬೆಂಚಿನಲ್ಲಿ ಕುಳಿತು ಸಾರಿನ ಪಾತ್ರೆಯನ್ನು ನನ್ನತ್ತ ಸರಿಸುತ್ತಿದ್ದರು. ಮರುದಿನ ಅದೇ ತಪ್ಪಿಗೆ ಮತ್ತೆ ಹೊರಗಟ್ಟುತ್ತಿದ್ದರು! ಒಂದೇ ಮೇಜಿನ ಊಟ ಅವರ ಶಿಳ್ಳೆಯನ್ನು ಒಂದು ದಿನವೂ ಮೆತ್ತಗಾಗಿಸಲಿಲ್ಲ.

ಇಷ್ಟನ್ನೆಲ್ಲ ದೂರದ ಮೆಲ್ಬರ್ನ್ ಕುರಿತು ಬರೆದು ನಮ್ಮ ಅಂಗಳವನ್ನು ಬಿಟ್ಟರೆ ಅಪ್ರಾಮಾಣಿಕತೆಯಾದೀತು. ಊರಿಗೆ ಮರಳಿದ ಮೇಲೆ, ನಮ್ಮ ಯುವಜನರು ಏರ್ಪಡಿಸಿದ್ದ ಅಂತರ್‌ಧರ್ಮಕೇಂದ್ರ ಕಾಲ್ಚೆಂಡು ಪಂದ್ಯಾವಳಿಯೊಂದಕ್ಕೆ ಹೋಗಿದ್ದೆ. ಬಹುಮಾನ ವಿತರಣೆಯಾಯಿತು, ಗಣ್ಯರಿಗೆ ಶಾಲು ಹೊದಿಸಿದರು, ಎಲ್ಲ ತಂಡಗಳಿಗೂ ಬಿರಿಯಾನಿ ಬಂತು. ಬೆಳಗಿನಿಂದ ಬಿಸಿಲಲ್ಲಿ ಓಡಿದ್ದ ಇಬ್ಬರು ರೆಫರಿಗಳು ಎಲ್ಲಿ ಎಂದು ಸಂಚಾಲಕನನ್ನು ಕೇಳಿದೆ. ಲಕೋಟೆ ಕೊಟ್ಟಾಯಿತು ಫಾದರ್, ಅವರು ಆಗಲೇ ಬಸ್ಸು ಹತ್ತಿರಬೇಕು, ಎಂದ.