ವೈದ್ಯರ ಕಟ್ಟೆ: ಹನ್ನೊಂದು ‘ಕೂಡದು’

ಯುಗಾದಿ ಸಂಚಿಕೆಯ ಇದೇ ಅಂಕಣದಲ್ಲಿ ರಕ್ತದೊತ್ತಡದ ಬಗ್ಗೆ ಬರೆದಿದ್ದೆ. ಓದಿದ ಮೇಲೆ ಮೂವರು ಫೋನ್ ಮಾಡಿದರು. ಉಪ್ಪಿನಕಾಯಿಯನ್ನು ಪೂರ್ತಿ ಬಿಡಬೇಕೇ ಎಂದು ಇಬ್ಬರು ಕೇಳಿದರು. ಯಜಮಾನರಿಗೆ ಗೊತ್ತಾಗದ ಹಾಗೆ ಬಿಡಿಸುವುದು ಹೇಗೆ ಎಂದು ಮೂರನೆಯವರು ಕೇಳಿದರು. “ಇದು ದೀಪಾವಳಿ ಸಂಚಿಕೆ, ಈ ಸಲ ಏನಾದರೂ ಲಘುವಾದದ್ದು ಬರೆಯಿರಿ ಡಾಕ್ಟ್ರೇ” ಎಂದರು ಸಂಪಾದಕರು. ಸರಿ, ನಮ್ಮ ಹೆಣ್ಣುಮಕ್ಕಳ ಫುಟ್‌ಬಾಲ್ ಬಗ್ಗೆ ಬರೆಯೋಣ ಎಂದು ಕುಳಿತೆ. ಬರೆಯುತ್ತ ಹೋದಂತೆ ವಿಷಯ ಅಷ್ಟು ಲಘುವಾಗಿ ಉಳಿಯಲಿಲ್ಲ. ಓದುಗ ಮಿತ್ರರು ಕ್ಷಮಿಸಬೇಕು.

ಕೆಂಟನ್ನಿನಲ್ಲಿ ಇರುವವರಿಗೆ ವೆಂಬ್ಲಿ ನೆರೆಮನೆಯಿದ್ದ ಹಾಗೆ. ರೈಲು ಹತ್ತಿದರೆ ಮೂರನೆಯ ನಿಲ್ದಾಣವೇ ವೆಂಬ್ಲಿ ಸೆಂಟ್ರಲ್. 2022ರ ಜುಲೈ 31ರಂದು ಅಲ್ಲಿ ಇಂಗ್ಲೆಂಡಿನ ಮಹಿಳೆಯರು ಜರ್ಮನಿಯನ್ನು 2–1ರಿಂದ ಸೋಲಿಸಿ ಯುರೋಪಿನ ಚಾಂಪಿಯನ್ನರಾದರು. ಅಂದು ಕ್ರೀಡಾಂಗಣದಲ್ಲಿದ್ದವರು 87,192 ಮಂದಿ. ನಮ್ಮ ಮನೆಯಲ್ಲಿ ಟಿ.ವಿ. ಮುಂದೆ ಇದ್ದವರು ಹನ್ನೊಂದು ಮಂದಿ, ಜೊತೆಗೆ ಒಂದು ದೊಡ್ಡ ಪಾತ್ರೆ ಬಿಸಿಬೇಳೆಬಾತ್. ಆಟ ಮುಗಿದ ಮೇಲೆ ನನ್ನ ಮನೆಯಾಕೆ, “ನಾವೂ ಯಾಕೆ ಆಡಬಾರದು?” ಎಂದಳು. ಗಂಡಸರೆಲ್ಲ ನಕ್ಕೆವು. ಹೆಂಗಸರು ಯಾರೂ ನಗಲಿಲ್ಲ ಎಂಬುದನ್ನು ನಾನು ಆಗ ಗಮನಿಸಲಿಲ್ಲ.

ಆ ಚಳಿಗಾಲದಲ್ಲಿ ಅವರು ಹತ್ತಿರದ ಶಾಲೆಯೊಂದರ ಒಳಾಂಗಣವನ್ನು ಭಾನುವಾರ ಒಂದು ಗಂಟೆ ಬಾಡಿಗೆಗೆ ಹಿಡಿದರು. ಮೊದಲು ಆರು ಜನ, ಆಮೇಲೆ ಹದಿನಾರು. ಈಗ ನಾಲ್ಕು ತಂಡಗಳಿವೆ. ಅವುಗಳಿಗೆ ಅಬ್ಬಕ್ಕ, ಓಬವ್ವ, ಚೆನ್ನಮ್ಮರ ಹೆಸರಿಡಬೇಕು ಎಂದು ಶುರುವಾದ ಚರ್ಚೆ, ನಾಲ್ಕನೆಯ ಹೆಸರು ಯಾರದು ಎಂಬಲ್ಲಿ ನಿಂತಿದೆ. ತಂಡಗಳಾದ ಮೇಲೆ ಲೀಗ್ ಬೇಕು, ಲೀಗ್ ಎಂದ ಮೇಲೆ ನಿಯಮ ಬೇಕು.

ಆಟದ ನಿಯಮ ಕಷ್ಟವಾಗಲಿಲ್ಲ. ಒಳಾಂಗಣದ ಫುಟ್‌ಬಾಲ್ ಹಳೆಯ ಆಟವೇ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಹ್ವಾನ್ ಕಾರ್ಲೋಸ್ ಸೆರಿಯಾನಿ ಎಂಬ ಶಿಕ್ಷಕರು ವೈ.ಎಂ.ಸಿ.ಎ.ಯ ಹುಡುಗರಿಗಾಗಿ ಇದನ್ನು ರೂಪಿಸಿದರು. ತಂಡಕ್ಕೆ ಐವರು ಎಂಬುದನ್ನು ಬಾಸ್ಕೆಟ್‌ಬಾಲ್‌ನಿಂದ, ಚಿಕ್ಕ ಗೋಲನ್ನು ಹ್ಯಾಂಡ್‌ಬಾಲ್‌ನಿಂದ ತೆಗೆದುಕೊಂಡರು. ಅದೇ ಇಂದಿನ ಫುಟ್ಸಾಲ್. ಹೆಣ್ಣುಮಕ್ಕಳಿಗೆ ಅದರ ಮೊದಲ ಫಿಫಾ ವಿಶ್ವಕಪ್ ನಡೆಯಲು ಮಾತ್ರ 2025ರ ಕೊನೆಯವರೆಗೆ, ಫಿಲಿಪ್ಪೀನ್ಸ್‌ನಲ್ಲಿ, ಕಾಯಬೇಕಾಯಿತು. ನಮ್ಮವರು ಫುಟ್ಸಾಲ್‌ನಿಂದ ಅರ್ಧ, ಇಂಗ್ಲೆಂಡಿನ ಹಳೆಯ ಫೈವ್-ಎ-ಸೈಡ್‌ನಿಂದ ಅರ್ಧ ತೆಗೆದುಕೊಂಡರು. ಪುಟಿಯದ, ನಾಲ್ಕನೆಯ ಅಳತೆಯ ಚೆಂಡು. ಹನ್ನೆರಡು ನಿಮಿಷದ ಎರಡು ಅವಧಿ. ಚೆಂಡು ತಲೆಯ ಎತ್ತರ ಮೀರಿದರೆ ಎದುರು ತಂಡಕ್ಕೆ ಫ್ರೀ ಕಿಕ್. ಗೋಲ್‌ಕೀಪರ್ ಚೆಂಡನ್ನು ಎಸೆಯದೆ ಕೆಳಗಿನಿಂದ ಉರುಳಿಸಬೇಕು.

ಉಳಿದದ್ದು ಆರೋಗ್ಯದ ಭಾಗ. “ಅದನ್ನು ನೀವು ಬರೆದುಕೊಡಿ ಡಾಕ್ಟ್ರೇ” ಎಂದರು. ಬಹಳ ಉತ್ಸಾಹದಿಂದ ಎರಡು ರಾತ್ರಿ ಕುಳಿತು ಹದಿನಾಲ್ಕು ನಿಯಮ ಬರೆದೆ. ನಲವತ್ತೈದು ದಾಟಿದವರು ವೈದ್ಯರ ಪತ್ರವಿಲ್ಲದೆ ಆಡಕೂಡದು. ಮಂಡಿನೋವಿದ್ದವರು ಆಡಕೂಡದು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಓಡಕೂಡದು. ಸಕ್ಕರೆ ಕಾಯಿಲೆಯವರು ಎರಡೂ ಅವಧಿ ಆಡಕೂಡದು. ಹೀಗೆ.

ಸಭೆಯಲ್ಲಿ ನಮ್ಮ ಧಾರವಾಡದ ಹಿರಿಯರೊಬ್ಬರು, ನಿವೃತ್ತ ಶಿಕ್ಷಕಿ, ಕನ್ನಡಕ ಏರಿಸಿಕೊಂಡು ಪಟ್ಟಿಯನ್ನು ಓದಿದರು. ಪರೀಕ್ಷೆಯ ಪೇಪರ್ ತಿದ್ದುವವರ ಹಾಗೆ ಪೆನ್ಸಿಲ್‌ನಿಂದ ಗುರುತು ಹಾಕುತ್ತ ಹೋದರು. ಕೊನೆಗೆ ಕೇಳಿದರು: “ಡಾಕ್ಟರ್ ಸಾಹೇಬ್ರ, ಹದಿನಾಲ್ಕು ನಿಯಮದಾಗ ಹನ್ನೊಂದು ‘ಕೂಡದು’ ಅಂತ ಮುಗೀತಾವ. ಇವು ಆಡ್ಲಿಕ್ಕೆ ಬರದ ನಿಯಮ ಏನ್ರಿ, ಆಡದಂಗ ಮಾಡ್ಲಿಕ್ಕೆ ಬರದ ನಿಯಮ ಏನ್ರಿ?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಮಗಳು ಆ ಪಟ್ಟಿ ನೋಡಿ, “ಅಪ್ಪಾ, ನೂರು ವರ್ಷದ ಹಿಂದೆ ಬೇರೆ ಡಾಕ್ಟರುಗಳೂ ಹೀಗೇ ಹೇಳಿದ್ದರು, ಗೊತ್ತಾ?” ಎಂದಳು. ನನಗೆ ಗೊತ್ತಿರಲಿಲ್ಲ. ಹುಡುಕಿ ಓದಿದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಗಳ ಹೆಣ್ಣುಮಕ್ಕಳು ಈ ದೇಶದಲ್ಲಿ ಫುಟ್‌ಬಾಲ್ ಆಡತೊಡಗಿದರು. ಪ್ರೆಸ್ಟನ್ನಿನ ಡಿಕ್, ಕೆರ್ ಕಾರ್ಖಾನೆಯ ತಂಡ ಅವುಗಳಲ್ಲಿ ಹೆಸರಾದದ್ದು. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಅವರ ಆಟ ನೋಡಲು ಸೇರಿದವರು 53,000 ಜನ. ಒಳಗೆ ಜಾಗವಿಲ್ಲದೆ ಸಾವಿರಾರು ಮಂದಿ ಹೊರಗೇ ಉಳಿದರು. ಒಂದು ವರ್ಷ ಕಳೆಯುವುದರೊಳಗೆ, 1921ರ ಡಿಸೆಂಬರ್ 5ರಂದು, ಫುಟ್‌ಬಾಲ್ ಅಸೋಸಿಯೇಷನ್ ಈ ಆಟ ಹೆಂಗಸರಿಗೆ ತಕ್ಕುದಲ್ಲ ಎಂದು ತೀರ್ಮಾನಿಸಿ, ತನ್ನ ಕ್ಲಬ್ಬುಗಳು ಅವರಿಗೆ ಮೈದಾನ ಕೊಡಬಾರದೆಂದು ಹೇಳಿತು. ಆ ಬಾಗಿಲು ಸುಮಾರು ಐವತ್ತು ವರ್ಷ ಮುಚ್ಚಿಯೇ ಇತ್ತು. ಅಸೋಸಿಯೇಷನ್ ಕ್ಷಮೆ ಕೇಳಿದ್ದು 2008ರಲ್ಲಿ.

ನನ್ನನ್ನು ಚುಚ್ಚಿದ್ದು ಬೇರೆ ಒಂದು ಹೆಸರು. ಆಗ ಈ ಆಟ ಹೆಣ್ಣಿನ ದೇಹಕ್ಕೆ ಭಾರವಾದದ್ದು ಎಂದು ಅಭಿಪ್ರಾಯ ಕೊಟ್ಟ ವೈದ್ಯರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟ್‌ನ ಡಾ. ಮೇರಿ ಶಾರ್ಲೀಬ್ ಒಬ್ಬರು. ಈಕೆ ಸಾಮಾನ್ಯರಲ್ಲ. ಗಂಡನ ಜೊತೆ ಮದ್ರಾಸಿನಲ್ಲಿದ್ದಾಗ, ಗಂಡಸು ವೈದ್ಯರ ಬಳಿ ಹೋಗಲಾಗದೆ ಹೆರಿಗೆಯಲ್ಲಿ ಸಾಯುತ್ತಿದ್ದ ನಮ್ಮ ಹೆಣ್ಣುಮಕ್ಕಳನ್ನು ಕಂಡು ಮರುಗಿ, 1875ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದವರು. ಆ ಕಾಲದಲ್ಲಿ ಹೆಣ್ಣು ವೈದ್ಯಕೀಯ ಓದುವುದನ್ನೇ ‘ಅವಳ ದೇಹಕ್ಕೆ, ಮನಸ್ಸಿಗೆ ಆಗದ್ದು’ ಎನ್ನುವವರು ತುಂಬಾ ಜನ. ಆ ‘ಕೂಡದು’ಗಳನ್ನೆಲ್ಲ ದಾಟಿ, 1885ರಲ್ಲಿ ಮದ್ರಾಸಿನಲ್ಲಿ ಹೆಂಗಸರ ಆಸ್ಪತ್ರೆ ಶುರುವಾಗಲು ಕಾರಣರಾಗಿ, 1888ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಎಂ.ಡಿ. ಪಡೆದ ಮೊದಲ ಮಹಿಳೆಯಾದರು. ಅಂಥವರೂ ಎಪ್ಪತ್ತು ದಾಟಿದ ಮೇಲೆ ಬೇರೆ ಹೆಣ್ಣುಮಕ್ಕಳಿಗೆ ‘ಕೂಡದು’ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದರೆಂದು ನಾನು ನಂಬುವುದಿಲ್ಲ. ನಾವು ವೈದ್ಯರು ‘ಬೇಡ’ ಎಂದರೆ ನಮ್ಮ ಮೇಲೆ ಯಾವ ದೂರೂ ಬರುವುದಿಲ್ಲ. ಆಡಿ ಕಾಲು ಮುರಿದವಳು ಲೆಕ್ಕಕ್ಕೆ ಸಿಗುತ್ತಾಳೆ. ಆಡದೆ ಕುಳಿತು ಕೆಟ್ಟವಳು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಹೀಗೆ ಲೆಕ್ಕಕ್ಕೆ ಸಿಗದವಳು ನಮ್ಮ ಮನೆಯಲ್ಲೇ ಇದ್ದಾಳೆ. ಹಾಸನ ಜಿಲ್ಲೆಯ ನಮ್ಮ ಊರಿನಲ್ಲಿರುವ ನನ್ನ ಅಕ್ಕ ಹೈಸ್ಕೂಲಿನಲ್ಲಿ ಥ್ರೋಬಾಲ್ ತಂಡದ ನಾಯಕಿ. ಖೋ ಖೋದಲ್ಲಿ ಅವಳನ್ನು ಮುಟ್ಟಿದವರಿಲ್ಲ. 2006ರಲ್ಲಿ ಅವಳಿಗೆ ಮಂಡಿನೋವು ಬಂದಾಗ ನಾನು ಇಲ್ಲಿಂದಲೇ ಫೋನಿನಲ್ಲಿ ಹೇಳಿದೆ: “ಅಕ್ಕಾ, ಜಾಸ್ತಿ ಓಡಾಡಬೇಡ. ಮೆಟ್ಟಿಲು ಹತ್ತಬೇಡ. ಆರಾಮಾಗಿ ಕೂತಿರು.” ತಮ್ಮ ಲಂಡನ್ನಿನಲ್ಲಿ ಡಾಕ್ಟರು, ಅವನ ಮಾತೆಂದರೆ ವೇದವಾಕ್ಯ. ಸಂಜೆಯ ವಾಕಿಂಗ್ ನಿಂತಿತು, ಹಿತ್ತಿಲ ಕೆಲಸ ನಿಂತಿತು. ತೂಕ ಏರಿತು, ಸಕ್ಕರೆ ಬಂತು, ತೊಡೆಯ ಸ್ನಾಯುಗಳು ಸೋತವು. 2017ರಲ್ಲಿ ಬಚ್ಚಲಿನಲ್ಲಿ ಬಿದ್ದು ಸೊಂಟದ ಕೀಲಿನ ಮೂಳೆ ಮುರಿಯಿತು. ಈಗ ಕೋಲು ಹಿಡಿದು ನಡೆಯುತ್ತಾಳೆ. ಮಂಡಿಸವೆತಕ್ಕೆ ಮೊದಲ ಚಿಕಿತ್ಸೆಯೇ ವ್ಯಾಯಾಮ ಎಂದು ಈ ದೇಶದ ‘ನೈಸ್’ ಸಂಸ್ಥೆಯ 2022ರ ಮಾರ್ಗಸೂಚಿ ಹೇಳುತ್ತದೆ. ಮೊದಮೊದಲು ನೋವಾಗಬಹುದು, ಆದರೂ ಬಿಡಬಾರದು. 2006ರಲ್ಲೂ ಇದು ತೀರ ಗೊತ್ತಿಲ್ಲದ ಸಂಗತಿಯಾಗಿರಲಿಲ್ಲ. ‘ಕೂತಿರು’ ಎನ್ನುವುದು ನನಗೆ ಸುಲಭವಾಗಿತ್ತು, ಅಷ್ಟೇ.

ಪಟ್ಟಿ ಹರಿದು ಹಾಕಿ ಮತ್ತೆ ಬರೆದೆ. ಹನ್ನೊಂದು ‘ಕೂಡದು’ಗಳಲ್ಲಿ ಉಳಿದದ್ದು ಮೂರು. ನಿಮ್ಮ ಊರಿನಲ್ಲೂ ಇಂಥ ಆಟ ಶುರುವಾದರೆ ಉಪಯೋಗಕ್ಕೆ ಬರಲೆಂದು ಕಾರಣ ಸಹಿತ ಕೊಡುತ್ತಿದ್ದೇನೆ.

1. ಜಾರಿ ಬಂದು ಕಾಲಿಗೆ ಅಡ್ಡ ಹಾಕಕೂಡದು. ಮರದ ನೆಲದ ಮೇಲೆ ಇದರಿಂದ ಇಬ್ಬರಿಗೂ ಅಪಾಯ.

2. ಆಭರಣ ಕೂಡದು. ಫುಟ್‌ಬಾಲ್‌ನ ನಿಯಮಾವಳಿಯೂ ಬಹುಕಾಲದಿಂದ ಇದನ್ನೇ ಹೇಳುತ್ತ ಬಂದಿದೆ. ಉಂಗುರ ಎಲ್ಲೋ ಸಿಕ್ಕಿಕೊಂಡು ಬೆರಳಿನ ಚರ್ಮವೇ ಕಿತ್ತು ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಳೆ, ಜುಮುಕಿಗೆ ಯಾರೂ ತಕರಾರು ಮಾಡಲಿಲ್ಲ. ಮಾಂಗಲ್ಯದ ವಿಷಯಕ್ಕೆ ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ ಮಂಡ್ಯದ ಒಬ್ಬರು, “ಅವರ ಆಯಸ್ಸು ಗಟ್ಟಿಯಾಗಿರ್ಲಿ ಅಂತ ತಾನೇ ಕಟ್ಕಂಡಿರೋದು? ನನ್ನ ಕತ್ತು ನೆಟ್ಟಗಿದ್ರೆ ತಾನೇ ಅವರಿಗೆ ಹೊತ್ತಿಗೆ ಸರಿಯಾಗಿ ಮುದ್ದೆ!” ಎಂದು ತೀರ್ಪು ಕೊಟ್ಟರು. ಈಗ ಅಂಕ ಬರೆಯುವವರ ಬಳಿ ಹೆಸರು ಹೊಲಿದ ಬಟ್ಟೆಚೀಲಗಳಿವೆ.

3. ತಲೆಗೆ ಪೆಟ್ಟು ಬಿದ್ದವರು ಅಂದು ಮತ್ತೆ ಆಡಕೂಡದು. ಅನುಮಾನವಿದ್ದರೂ ಹೊರಗೆ ಕೂರಿಸಬೇಕು ಎಂದು ಈ ದೇಶದ 2023ರ ಮಾರ್ಗಸೂಚಿ ಹೇಳುತ್ತದೆ. ಕನ್‌ಕಷನ್ ಆಗಿದ್ದರೆ 21 ದಿನಕ್ಕೆ ಮುಂಚೆ ಸ್ಪರ್ಧೆಗೆ ಇಳಿಯುವಂತಿಲ್ಲ. “ನಾನು ಚೆನ್ನಾಗೇ ಇದ್ದೀನಿ” ಎಂಬ ಆಟಗಾರ್ತಿಯ ಮಾತನ್ನು ಸಾಕ್ಷಿಯಾಗಿ ಪರಿಗಣಿಸುವುದಿಲ್ಲ.

4. ವೈದ್ಯರ ಪತ್ರದ ಬದಲು ಏಳು ಪ್ರಶ್ನೆಗಳ ಕಾಗದ: ಎದೆನೋವು ಬರುತ್ತದೆಯೇ, ತಲೆ ಸುತ್ತುತ್ತದೆಯೇ ಇತ್ಯಾದಿ. ಯಾವುದಕ್ಕಾದರೂ ‘ಹೌದು’ ಎಂದವರು ಮೊದಲು ತಮ್ಮ ಜಿ.ಪಿ.ಯನ್ನು ಕಾಣಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಆಟಕ್ಕೆ ಮುಂಚೆ ಸಕ್ಕರೆ ನೋಡಿಕೊಂಡು, ಗ್ಲೂಕೋಸ್ ಮಾತ್ರೆ ಜೊತೆಗಿಟ್ಟುಕೊಳ್ಳಬೇಕು. ಆಮೇಲೆ ಎಲ್ಲರ ಹಾಗೆ ಆಡಬೇಕು.

5. ಇಪ್ಪತ್ತು ನಿಮಿಷದ ವಾರ್ಮ್-ಅಪ್ ಕಡ್ಡಾಯ. ತಪ್ಪಿಸಿದವರು ಮೊದಲ ಅವಧಿ ಬೆಂಚಿನಲ್ಲಿ. ಮಂಡಿಯೊಳಗಿನ ಎ.ಸಿ.ಎಲ್. ಎಂಬ ಕಟ್ಟು ಹರಿಯುವ ಅಪಾಯ ಹೆಣ್ಣುಮಕ್ಕಳಿಗೆ ಗಂಡಸರಿಗಿಂತ ಎರಡು ಪಟ್ಟಾದರೂ ಹೆಚ್ಚು. ಆದರೆ ‘ಇಲೆವೆನ್ ಪ್ಲಸ್’ ಎಂಬ ವ್ಯಾಯಾಮಕ್ರಮವನ್ನು ನಾರ್ವೆಯ ಹದಿಹರೆಯದ ಆಟಗಾರ್ತಿಯರಲ್ಲಿ ಪರೀಕ್ಷಿಸಿದಾಗ ಗಾಯಗಳು ಸುಮಾರು ಮೂರನೇ ಒಂದು ಭಾಗ ಕಡಿಮೆಯಾದವು. ಅಪಾಯವಿದೆ ಎಂದು ಆಟ ನಿಲ್ಲಿಸುವ ಬದಲು ಮಂಡಿಯನ್ನು ಗಟ್ಟಿ ಮಾಡಬಹುದು.

6. ವಿರಾಮ ಎರಡು ನಿಮಿಷವಲ್ಲ, ಏಳು ನಿಮಿಷ. ಇದನ್ನು ಸೇರಿಸಿದ್ದು ನಾನಲ್ಲ, ಆಟಗಾರ್ತಿಯರು. ಹೆರಿಗೆಯಾದ ಎಷ್ಟೋ ಹೆಣ್ಣುಮಕ್ಕಳಿಗೆ ಓಡಿದರೆ, ಜಿಗಿದರೆ ಮೂತ್ರ ಹನಿಯುತ್ತದೆ. ಹೇಳಿಕೊಳ್ಳಲು ಸಂಕೋಚಪಟ್ಟು ಆಟವನ್ನೇ ಬಿಡುತ್ತಾರೆ. ತಾಯಂದಿರೇ, ಇದು ವಯಸ್ಸಿನ ಶಿಕ್ಷೆಯಲ್ಲ. ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ಮೂರು ತಿಂಗಳು ವಸ್ತಿಕುಹರದ ಸ್ನಾಯುಗಳ ವ್ಯಾಯಾಮ ಮಾಡಿದರೆ ಬಹಳ ಮಂದಿಗೆ ಗುಣ ಕಾಣುತ್ತದೆ. ಕೇಳಿ ಪಡೆಯಿರಿ.

7. ಬಂದವರೆಲ್ಲ ಅರ್ಧ ಸಮಯವಾದರೂ ಆಡಬೇಕು. ಆಟಗಾರ್ತಿಯರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ದಣಿದವರು ಕೂರಬಹುದು, ಸುಧಾರಿಸಿಕೊಂಡು ಮತ್ತೆ ಬರಬಹುದು. ಗೆಲ್ಲಲಿಕ್ಕಾಗಿ ಯಾರನ್ನೂ ಪೂರ್ತಿ ಹೊರಗೆ ಕೂರಿಸುವಂತಿಲ್ಲ. ಪ್ರತಿ ಆಟಕ್ಕೂ ಸಿ.ಪಿ.ಆರ್. ಬಲ್ಲ ಒಬ್ಬರಿರಬೇಕು, ಡಿಫಿಬ್ರಿಲೇಟರ್ ಎಲ್ಲಿದೆ ಎಂಬುದು ಎಲ್ಲರಿಗೂ ಗೊತ್ತಿರಬೇಕು.

ಇಷ್ಟೇ. ಧಾರವಾಡದ ಮೇಡಂ ಮತ್ತೆ ಪೆನ್ಸಿಲ್ ಹಿಡಿದು ಓದಿ, “ಈಗ ಪಾಸ್” ಎಂದರು.

ಮೂರನೆಯ ನಿಯಮಕ್ಕೆ ಮೊದಲು ಸಿಕ್ಕಿಬಿದ್ದವಳು ನನ್ನ ಮನೆಯಾಕೆಯೇ. ಐವತ್ತೆರಡರ ಆಕೆ ತನ್ನ ತಂಡದ ಗೋಲ್‌ಕೀಪರ್. ಒಂದು ಭಾನುವಾರ ಚೆಂಡು ತಡೆಯಲು ಹೋಗಿ ಗೋಲ್ ಕಂಬಕ್ಕೆ ತಲೆ ತಾಗಿತು. ಐದು ನಿಮಿಷ ಬಾಕಿ, ಒಂದು ಗೋಲಿನ ಮುನ್ನಡೆ. “ರೀ, ನಂಗೇನೂ ಆಗಿಲ್ಲ” ಎಂದಳು. ನಿಯಮ ನಿಯಮವೇ. ಹೊರಗೆ ಕುಳಿತಳು, ತಂಡ ಸೋತಿತು. ಮೂರು ದಿನ ಮನೆಯಲ್ಲಿ ಕಾಫಿ ನಾನೇ ಮಾಡಿಕೊಂಡೆ. ನಾಲ್ಕನೆಯ ವಾರ ಮತ್ತೆ ಕೈಗವಸು ತೊಟ್ಟಳು.

ಈಗ ಭಾನುವಾರದ ಆಟವನ್ನು ಮಗಳು ಅಕ್ಕನಿಗೆ ವಿಡಿಯೋ ಕಾಲ್ ಮಾಡಿ ತೋರಿಸುತ್ತಾಳೆ. ಮೊದಲ ದಿನ ಅಕ್ಕ ತುಂಬಾ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ, “ಅಲ್ವೋ, ಆ ಬಿಳೀ ಕೂದಲಿನವಳಿಗೆ ಮಂಡಿನೋವು ಇಲ್ವೇನೋ?” ಎಂದು ಕೇಳಿದಳು.

“ಇದೆ ಅಕ್ಕಾ.”

“ಮತ್ತೆ ಓಡ್ತಿದಾಳೆ?”

ನನ್ನ ಬಳಿ ಉತ್ತರವಿರಲಿಲ್ಲ. ಅವಳು ಮತ್ತೇನೂ ಕೇಳಲಿಲ್ಲ. ಒಂದು ವಾರ ಬಿಟ್ಟು ನಾನೇ ಫೋನ್ ಮಾಡಿ, ಹಾಸನದಲ್ಲಿ ಫಿಸಿಯೋಥೆರಪಿಸ್ಟರನ್ನು ಗೊತ್ತು ಮಾಡಿದೆ. ಈಗ ಕುರ್ಚಿ ಹಿಡಿದು ದಿನಕ್ಕೆ ಹತ್ತು ಸಲ ಎದ್ದು ಕೂರುತ್ತಾಳಂತೆ. ತಡವಾಯಿತು, ಆದರೂ ಶುರುವಾಯಿತು.

ನಮ್ಮ ಕೆಂಟನ್ ನಿಲ್ದಾಣದ ಮೂಲಕ ಹೋಗುವ ಓವರ್‌ಗ್ರೌಂಡ್ ರೈಲಿಗೆ 2024ರ ನವೆಂಬರ್‌ನಿಂದ ‘ಲಯನೆಸ್ ಲೈನ್’ ಎಂಬ ಹೆಸರು ಬಂದಿದೆ, ವೆಂಬ್ಲಿಯಲ್ಲಿ ಗೆದ್ದ ಆ ಹೆಣ್ಣುಮಕ್ಕಳ ನೆನಪಿಗೆ. ಒಂದು ಕಾಲಕ್ಕೆ ಮೈದಾನವನ್ನೇ ಕೊಡದಿದ್ದ ದೇಶ ಇದು. ಈ ದೀಪಾವಳಿಗೆ ನಿಮ್ಮ ಮನೆಯ ಅಮ್ಮ, ಅಕ್ಕ, ಅತ್ತೆ, ಹೆಂಡತಿ ಯಾರಾದರೂ “ನನ್ನ ಕೈಲಿ ಆಗತ್ತಾ?” ಎಂದು ಕೇಳಿದರೆ, ‘ಬೇಡ’ ಎನ್ನುವ ಮುಂಚೆ ಹೇಗೆ ಆಗುತ್ತದೆ ಎಂದು ಒಮ್ಮೆ ಯೋಚಿಸಿ. ವೈದ್ಯರಾದ ನಾವೂ ಯೋಚಿಸುತ್ತೇವೆ.

ಎಲ್ಲರಿಗೂ ಬೆಳಕಿನ ಹಬ್ಬದ ಹಾರ್ದಿಕ ಶುಭಾಶಯಗಳು. ಹೋಳಿಗೆ ತಿನ್ನಿ, ಮಾರನೆಯ ದಿನ ಓಡಿ.