ಕಲ್ಲಿನೊಳಗಣ ದಾರಿಯೂ ಬಾವಿಯ ನೀರೂ

ನೆಲದ ಮೇಲೆ ಚೆಲ್ಲಿದ ನೀರು ಎಷ್ಟೇ ಮಲಿನವಾಗಿದ್ದರೂ ಮಣ್ಣೂ ಕಲ್ಲೂ ಅದನ್ನು ಸೋಸಿ ಬಾವಿಗೆ ತಿಳಿನೀರನ್ನೇ ಇಳಿಸುವುವೆಂಬ ನಂಬಿಕೆಯು ಗ್ರಾಮಗಳಲ್ಲಿ ಬಹುಕಾಲದಿಂದಲೂ ಇದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದನ್ನೇ ಪೂರ್ಣಸತ್ಯವೆಂದು ಬಗೆದು ಸಿಂಪರಣೆಯ ಪಾತ್ರೆಗಳನ್ನು ಬಾವಿಯ ದಂಡೆಯಲ್ಲಿ ತೊಳೆಯುವ ವಾಡಿಕೆಯು ಬಿಡತಕ್ಕದ್ದಾಗಿದೆ.

ಈಗ ವ್ಯವಸಾಯಕ್ಕೆ ಅತಿಸೂಕ್ಷ್ಮ ಕಣಗಳುಳ್ಳ ಪದಾರ್ಥಗಳು ಬರುತ್ತಿವೆ. ಎಲೆಗಳ ಮೇಲೆ ಸಿಂಪಡಿಸುವ ನ್ಯಾನೋ ಯೂರಿಯವು 2021ರಲ್ಲಿ ರಸಗೊಬ್ಬರ ನಿಯಂತ್ರಣಾಜ್ಞೆಯೊಳಗೆ ಸೇರಿತು. ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದವುಗಳನ್ನು ನ್ಯಾನೋ ಕಣಗಳೆನ್ನುವರು. ಇಂಥ ಕಣಗಳು ನೆಲದೊಳಕ್ಕೆ ಇಳಿದರೆ ಯಾವ ಗತಿಯನ್ನು ಹೊಂದುವುವೆಂಬುದು ವಿಚಾರಾರ್ಹವಾದ ಪ್ರಶ್ನೆ.

ಹಿಂದೆ ಶೋಧಕರು ಕಲ್ಲಿನ ತುಂಡಿನ ಒಂದು ತುದಿಯಿಂದ ಕಣಗಳಿದ್ದ ನೀರನ್ನು ಹಾಯಿಸಿ, ಮತ್ತೊಂದು ತುದಿಯಲ್ಲಿ ಹೊರಬಿದ್ದುದನ್ನು ಅಳೆಯುತ್ತಿದ್ದರು. ನಡುವೆ ನಡೆದುದು ಕಾಣುತ್ತಿರಲಿಲ್ಲ. 1971ರಲ್ಲಿ ಇಂಗ್ಲೆಂಡಿನಲ್ಲಿ ಹೌನ್ಸ್‌ಫೀಲ್ಡರ ಯಂತ್ರದಿಂದ ರೋಗಿಯೊಬ್ಬರ ಮಿದುಳಿನ ಚಿತ್ರವನ್ನು ಮೊದಲು ತೆಗೆಯಲಾಯಿತು. ಆ ಸಿ.ಟಿ. ವಿಧಾನವೇ ಮುಂದೆ ಕಲ್ಲಿನ ಪರೀಕ್ಷೆಗೂ ಬಂದಿತು. ಕಬ್ಬಿಣ, ಬೆಳ್ಳಿ ಮೊದಲಾದ ಲೋಹದ ಕಣಗಳು ಕ್ಷ-ಕಿರಣಗಳನ್ನು ಹೆಚ್ಚಾಗಿ ತಡೆಯುವುದರಿಂದ, ನೀರು ಹಾಯಿಸುವ ಮೊದಲಿನ ಚಿತ್ರವನ್ನೂ ಅನಂತರದ ಚಿತ್ರವನ್ನೂ ಹೋಲಿಸಿ ಅವು ಎಲ್ಲಿ ಗುಂಪುಗೂಡಿದುವೆಂದು ತಿಳಿಯಬಹುದು. ಅಮೆರಿಕದ ಒಹಾಯೋ ಪ್ರಾಂತದ ಬೆರಿಯಾ ಮರಳುಗಲ್ಲು ಇಂಥ ಪರೀಕ್ಷೆಗಳಲ್ಲಿ ಬಹಳವಾಗಿ ಬಳಕೆಯಲ್ಲಿದೆ.

ಇಂಥ ಶೋಧನೆಗಳಿಂದ ತಿಳಿದುಬರುವುದೇನೆಂದರೆ, ಕಲ್ಲು ಎಲ್ಲೆಡೆಯಲ್ಲಿಯೂ ಒಂದೇ ಸಮನಾದ ಜರಡಿಯಲ್ಲ. ನೀರು ಅಗಲವಾದ ರಂಧ್ರಗಳ ಸಾಲನ್ನು ಹಿಡಿದು ಮುಂದಾಗುತ್ತದೆ, ಕಣಗಳೂ ಅದರೊಡನೆ ಸಾಗುತ್ತವೆ. ಕಣವು ಚಿಕ್ಕದಾದಷ್ಟೂ ಸುಲಭವಾಗಿ ದಾಟಿಹೋಗುವುದೆಂಬ ಊಹೆಯೂ ಸರಿಯಲ್ಲ. ಅತಿಚಿಕ್ಕ ಕಣವು ನೀರಿನಲ್ಲಿ ಸದಾ ಅತ್ತಿತ್ತ ಕದಲುತ್ತ ರಂಧ್ರದ ಗೋಡೆಯನ್ನು ಹೆಚ್ಚು ಸಲ ಮುಟ್ಟುವುದು. ಅಲ್ಲಿ ಅದು ಅಂಟುವುದೋ ಬಿಡುವುದೋ ಎಂಬುದು ಕಣದ ಲೇಪ, ಕಲ್ಲಿನ ಗುಣ, ನೀರಿನ ಉಪ್ಪಿನಂಶ ಇವುಗಳನ್ನು ಅವಲಂಬಿಸಿದೆ. ಉಪ್ಪುನೀರಿನಲ್ಲಿ ಅಂಟಿದ್ದ ಕಣವು ಮಳೆಯ ತಿಳಿನೀರು ತಾಗಿದಾಗ ಸಡಿಲಿ ಮುಂದೆ ಸಾಗುವುದೂ ಉಂಟು. ಆದುದರಿಂದ ಬೇಸಗೆಯಲ್ಲಿ ಶುದ್ಧವೆಂದು ಕಂಡ ಬಾವಿಯು ಮುಂಗಾರಿನ ತರುವಾಯವೂ ಹಾಗೆಯೇ ಇರುವುದೆಂದು ಭರವಸೆಯಿಲ್ಲ.

ಪರದೇಶದ ಮರಳುಗಲ್ಲಿನ ಮಾತು ಕನ್ನಡನಾಡಿನ ರೈತರಿಗೇಕೆ ಎಂದು ಕೆಲವರು ಕೇಳಬಹುದು. ಕೋಲಾರ, ತುಮಕೂರು ಮುಂತಾದ ಬಯಲುಸೀಮೆಯ ಜಿಲ್ಲೆಗಳ ತಳಶಿಲೆಯು ಹೆಚ್ಚಾಗಿ ನೈಸ್ ಮತ್ತು ಗ್ರಾನೈಟ್. ಶಿಥಿಲವಾದ ಮೇಲ್ಪದರವನ್ನು ದಾಟಿದ ಮೇಲೆ ನೀರು ಬಿರುಕುಗಳಲ್ಲಿಯೇ ಹರಿಯಬೇಕು. ಸಣ್ಣ ರಂಧ್ರಗಳುಳ್ಳ ಮರಳುಗಲ್ಲೇ ಪೂರ್ಣವಾಗಿ ಸೋಸಲಾರದೆಂದ ಮೇಲೆ, ತೆರೆದ ಬಿರುಕಿನಿಂದ ಅಷ್ಟು ಉಪಕಾರವನ್ನು ನಿರೀಕ್ಷಿಸುವುದು ವಿವೇಕವಲ್ಲ.

ಹೊಸ ಪದಾರ್ಥಗಳನ್ನು ನಿರಾಕರಿಸಬೇಕೆಂಬುದು ಇದರ ತಾತ್ಪರ್ಯವಲ್ಲ. ಪೈರಿಗೆ ಅವುಗಳಿಂದಾಗುವ ಲಾಭದೊಡನೆ ನೆಲದೊಳಗೆ ಅವು ಹಿಡಿಯುವ ದಾರಿಯೂ ಪರೀಕ್ಷಿತವಾಗಬೇಕು. ಆ ಪರೀಕ್ಷೆಯು ಈ ನಾಡಿನ ಕಲ್ಲುಮಣ್ಣುಗಳಲ್ಲಿಯೇ ನಡೆಯಬೇಕು. ಅಲ್ಲಿಯವರೆಗೆ ಗ್ರಾಮದ ಮುಖಂಡರೂ ಜಮೀನುದಾರರೂ ತಾವೇ ಮೇಲ್ಪಂಕ್ತಿಯಾಗಿ, ಪಾತ್ರೆ ತೊಳೆದ ನೀರನ್ನು ಬಾವಿಗೆ ದೂರವಾಗಿ, ಸಿಂಪಡಿಸಿದ ಹೊಲದಲ್ಲಿಯೇ ಚೆಲ್ಲಿಸತಕ್ಕದ್ದು. ಕೊಳವೆಬಾವಿಯ ಬಾಯಿಯ ಸುತ್ತ ಸಿಮೆಂಟಿನ ಕಟ್ಟೆಯನ್ನು ಹಾಕಿಸಿ, ಬತ್ತಿದ ಕೊಳವೆಬಾವಿಗಳನ್ನು ಭದ್ರವಾಗಿ ಮುಚ್ಚಿಸತಕ್ಕದ್ದು. ಕೆಟ್ಟ ಪೈರು ಮರುವರ್ಷ ಚೇತರಿಸೀತು; ಕೆಟ್ಟ ಅಂತರ್ಜಲವು ಅಷ್ಟು ಬೇಗನೆ ತಿಳಿಯಾಗದು.